ಗಂಟೆಗೆ 20 ಮೈಲಿ ಓಡಿದ ಲಾರಿಗಳು

ಪ್ರಶ್ನೆ: ನಮ್ಮ ತಂದೆಯವರು ಹುಬ್ಬಳ್ಳಿಯಲ್ಲಿ ಇಪ್ಪತ್ತು ವರ್ಷ ಲೇಲ್ಯಾಂಡ್ ಕಾಮೆಟ್ ಓಡಿಸಿದವರು. ಈಗ ಮಗಳು ಇಂಗ್ಲೆಂಡಿನ ಪ್ರೆಸ್ಟನ್ ಹತ್ತಿರ ಇದ್ದಾಳೆ. ಅಲ್ಲಿಗೆ ಹೋದಾಗ ಹಳೇ ಲಾರಿಗಳ ಮೇಳವೊಂದನ್ನು ನೋಡಿದೆ. ಒಂದು ಕೆಂಪು ಲಾರಿಯ ಮುಂದೆ ‘ಇಆರ್‌ಎಫ್’ ಅಂತಿತ್ತು, ಎಂಜಿನ್ ಮಾತ್ರ ‘ಗಾರ್ಡ್ನರ್’, ಬಾಗಿಲ ಮೇಲೆ ‘ಬ್ರಿಟಿಷ್ ರೋಡ್ ಸರ್ವೀಸಸ್’. 12 ಟೈರ್ ಇದ್ದರೂ ಅದನ್ನು ಎಂಟು ಚಕ್ರದ ಗಾಡಿ ಅಂದರು. ಎಂಜಿನ್ 100 ಎಚ್‌ಪಿ, ಲೋಡು 14-15 ಟನ್ನಂತೆ. ಅದು ಹೇಗೆ ಎಳೆಯುತ್ತಿತ್ತು? ಅಲ್ಲಿ ಕಂಡ ಅಷ್ಟೊಂದು ಕಂಪನಿಗಳು ಎಲ್ಲಿ ಹೋದವು? ಅಳಿಯ ಅಂಥದ್ದೊಂದು ಗಾಡಿ ಕೊಳ್ಳುವ ಯೋಚನೆಯಲ್ಲಿದ್ದಾರೆ, ಕೊಳ್ಳುವ ಮುಂಚೆ ಏನೇನು ನೋಡಬೇಕು?

ಉತ್ತರ: ಮೊದಲು ಚಕ್ರದ ಲೆಕ್ಕ ಬಗೆಹರಿಸಿಬಿಡೋಣ. ನಮ್ಮಲ್ಲಿ ಟೈರ್ ಎಣಿಸುತ್ತೇವೆ. ಅಲ್ಲಿ ಆಕ್ಸಲ್ಲಿನ ತುದಿ ಎಣಿಸುತ್ತಾರೆ. ಹಿಂದಿನ ಜೋಡಿ ಟೈರು ಅವರಿಗೆ ಒಂದೇ ಚಕ್ರ. ಮುಂದೆ ಸ್ಟೀರಿಂಗ್‌ಗೆ ತಿರುಗುವ ಎರಡು ಆಕ್ಸಲ್, ನಾಲ್ಕು ಟೈರು. ಹಿಂದೆ ಎರಡು ಆಕ್ಸಲ್, ಎಂಟು ಟೈರು. ನಮ್ಮ ಹೆದ್ದಾರಿಯಲ್ಲಿ ದಿನಾ ಕಾಣುವ ‘12 ಚಕ್ರದ ಲಾರಿ’ಯೇ ಅವರ ಎಂಟು ಚಕ್ರದ ಲಾರಿ. ಅಲ್ಲಿ ಈ ಮಾದರಿ 1930ರ ದಶಕದ ನಡುವಿಗೇ ನೆಲೆ ನಿಂತಿತ್ತು. ಎಇಸಿ ಎಂಬ ಲಾರಿ ಕಂಪನಿಯ ಮ್ಯಾಮತ್ ಮೇಜರ್, ಲೇಲ್ಯಾಂಡಿನ ಆಕ್ಟೋಪಸ್ ಆ ಹೊತ್ತಿನವು. ಎಂಟು ಕಾಲಿನ ಪ್ರಾಣಿಯ ಹೆಸರನ್ನೇ ಎಂಟು ಚಕ್ರದ ಗಾಡಿಗೆ ಇಟ್ಟರು. ಲೇಲ್ಯಾಂಡಿನವರು ಬೀವರ್, ಹಿಪ್ಪೊ, ಬೈಸನ್, ಸ್ಟಿಯರ್ ಅಂತ ಇಡೀ ಮೃಗಾಲಯವನ್ನೇ ಲಾರಿಗಳಿಗೆ ಹಂಚಿದ್ದರು.

ಇನ್ನು ನೀವು ಕೇಳಿದ್ದು. ಆ ಲಾರಿ ಹಾಗಿದ್ದದ್ದಕ್ಕೂ, ಅಷ್ಟು ಕಂಪನಿಗಳು ಬದುಕಿದ್ದಕ್ಕೂ, ಆಮೇಲೆ ಒಟ್ಟಿಗೇ ಹೋದದ್ದಕ್ಕೂ ಕಾರಣ ಬಹುಪಾಲು ಒಂದೇ: ಕಾನೂನು. ಎಂಜಿನಿಯರ್ ಕೈಗಿಂತ ಸರ್ಕಾರದ ಕೈ ಆ ಗಾಡಿಯ ಮೇಲೆ ಹೆಚ್ಚು ಕಾಣುತ್ತದೆ.

ಬ್ರಿಟನ್ನಿನಲ್ಲಿ ಖಾಲಿ ತೂಕ 3 ಟನ್ ಮೀರಿದ ಲಾರಿಗೆ 1957ರವರೆಗೂ ಗಂಟೆಗೆ 20 ಮೈಲಿ, ಅಂದರೆ ಸುಮಾರು 32 ಕಿ.ಮೀ., ವೇಗದ ಮಿತಿ ಇತ್ತು. ಆ ವರ್ಷ ಅದು 30 ಮೈಲಿಗೆ ಏರಿತು. ಎಂಟು ಚಕ್ರದ ಗಾಡಿಯ ಒಟ್ಟು ತೂಕ 22 ಟನ್ ದಾಟುವಂತಿರಲಿಲ್ಲ, 1955ರಲ್ಲಿ ಅದನ್ನು 24 ಮಾಡಿದರು. ಡ್ರೈವರ್ ದಿನಕ್ಕೆ 11 ಗಂಟೆಗಿಂತ ಹೆಚ್ಚು, ಒಂದೇ ಸಮನೆ ಐದೂವರೆ ಗಂಟೆಗಿಂತ ಹೆಚ್ಚು ಓಡಿಸಬಾರದು ಎಂಬುದು 1930ರ ಕಾಯ್ದೆ. ಈಗ ಲೆಕ್ಕ ಹಾಕಿ. 20 ಮೈಲಿಗೆ ಮೇಲೆ ಹೋಗುವಂತಿಲ್ಲ ಎಂದ ಮೇಲೆ 200 ಎಚ್‌ಪಿ ಎಂಜಿನ್ ಯಾರಿಗೆ ಬೇಕು? ಮಾಲೀಕನಿಗೆ ಬೇಕಾದದ್ದು ಮೂರೇ: ಎಂಜಿನ್ ಹಗುರವಾಗಿರಬೇಕು, ಎಣ್ಣೆ (ಡೀಸೆಲ್) ಕಡಿಮೆ ಕುಡಿಯಬೇಕು, ವರ್ಷಗಟ್ಟಲೆ ಬಿಚ್ಚದೆ ಓಡಬೇಕು. ಎಂಜಿನ್ ತೂಕ ಕಮ್ಮಿಯಾದಷ್ಟೂ ಬಾಡಿಗೆ ಬರುವ ಲೋಡು ಜಾಸ್ತಿ.

ಆ ಮೂರಕ್ಕೂ ಉತ್ತರ ಗಾರ್ಡ್ನರ್. ಮ್ಯಾಂಚೆಸ್ಟರ್ ಪಕ್ಕದ ಪ್ಯಾಟ್ರಿಕ್ರಾಫ್ಟ್‌ನಲ್ಲಿ ಈ ಕುಟುಂಬದ ಕಾರ್ಖಾನೆ. ಅವರು ಲಾರಿ ಮಾಡಲಿಲ್ಲ, ಎಂಜಿನ್ ಮಾತ್ರ ಮಾಡಿದರು. 1930ರ ದಶಕದ ಆರಂಭದಲ್ಲಿ ಬಂದ ‘ಎಲ್‌ಡಬ್ಲ್ಯು’ ಸಾಲಿನಲ್ಲಿ 4, 5, 6 ಸಿಲಿಂಡರಿನವು ಮುಖ್ಯ. ಸಿಲಿಂಡರ್ ಎಲ್ಲದರಲ್ಲೂ ಒಂದೇ ಅಳತೆ: ಬೋರ್ (ಒಳ ಅಗಲ) ನಾಲ್ಕೂಕಾಲು ಇಂಚು, ಸ್ಟ್ರೋಕ್ (ಪಿಸ್ಟನ್ ಓಡುವ ಉದ್ದ) ಆರು ಇಂಚು. ಹಾಗಾಗಿ ಪಿಸ್ಟನ್, ಲೈನರ್, ವಾಲ್ವ್ ಒಂದರದು ಇನ್ನೊಂದಕ್ಕೆ ಬರುತ್ತಿತ್ತು. ನೀವು ನೋಡಿದ್ದು 6ಎಲ್‌ಡಬ್ಲ್ಯು ಇರಬೇಕು. 8.4 ಲೀಟರ್, ನಿಮಿಷಕ್ಕೆ 1,700 ಸುತ್ತಿಗೆ 102 ಎಚ್‌ಪಿ, ಮುಂದೆ 112ಕ್ಕೆ ಏರಿಸಿದರು. ಕ್ರ್ಯಾಂಕ್‌ಕೇಸ್ ಬೀಡು ಕಬ್ಬಿಣದ್ದಲ್ಲ, ಹಗುರ ಲೋಹದ್ದು.

102 ಎಚ್‌ಪಿಯನ್ನು 22 ಟನ್ನಿಗೆ ಹಂಚಿದರೆ ಟನ್ನಿಗೆ ಐದು ಎಚ್‌ಪಿ ಕೂಡ ಇಲ್ಲ. ಸಮತಟ್ಟು ರಸ್ತೆಯಲ್ಲಿ 20 ಮೈಲಿಗೆ ಅದು ಧಾರಾಳ ಸಾಕು. ಹತ್ತಕ್ಕೆ ಒಂದರ ಏರಿನಲ್ಲಿ, ಗೇರ್‌ಬಾಕ್ಸು ಮತ್ತು ಹಿಂದಿನ ಆಕ್ಸಲ್ ಹೌಸಿಂಗಿನಲ್ಲಿ ಹೋಗುವ ಬಲ ಕಳೆದು ನೋಡಿದರೆ, ಗಂಟೆಗೆ ಸುಮಾರು 10 ಕಿ.ಮೀ. ಬರುತ್ತದೆ. ಚುರುಕಾಗಿ ನಡೆಯುವವನಿಗಿಂತ ತುಸು ಬೇಗ, ಅಷ್ಟೆ. ಆದರೆ ನಿಲ್ಲುತ್ತಿರಲಿಲ್ಲ. ಸುತ್ತು ಕಡಿಮೆಯಾದರೂ ಎಳೆತ ಬಿಡದ ಎಂಜಿನ್ ಅದು. 1,000 ಸುತ್ತಿಗೆ ಇಳಿದರೂ ಒಂದೇ ಹದದಲ್ಲಿ ಗುದ್ದುತ್ತಾ ಹೋಗುತ್ತದೆ. ಪೂರ್ತಿ ಲೋಡಿನ ಎಂಟು ಚಕ್ರದ ಗಾಡಿ ಗ್ಯಾಲನ್ನಿಗೆ 8ರಿಂದ 10 ಮೈಲಿ ಕೊಡುತ್ತಿತ್ತು. ನಮ್ಮ ಲೆಕ್ಕದಲ್ಲಿ ಲೀಟರಿಗೆ ಸುಮಾರು 3ರಿಂದ 3.5 ಕಿ.ಮೀ. ಆ ಕಾಲಕ್ಕೆ, ಆ ಭಾರಕ್ಕೆ ಇದು ದೊಡ್ಡ ಮಾತು.

ಬೆಳಗಿನ ಚಳಿಯಲ್ಲಿ ಆ ಎಂಜಿನ್ ಎಬ್ಬಿಸುವುದನ್ನು ನಿಮ್ಮ ಅಳಿಯ ಕಲಿಯಲೇಬೇಕಾಗುತ್ತದೆ, ಅದನ್ನು ಬಿಡಿಸಿ ಹೇಳುತ್ತೇನೆ. ಹೀಟರ್ ಪ್ಲಗ್ ಇಲ್ಲ, ಡೀಸೆಲ್ ನೇರವಾಗಿ ಪಿಸ್ಟನ್ ತಲೆಯ ಮೇಲೇ ಬೀಳುತ್ತದೆ. ಗಾಡಿ ತಿಂಗಳುಗಟ್ಟಲೆ ನಿಂತಿದ್ದರೆ ಮೊದಲು ಏರ್ ತೆಗೆಯಬೇಕು. ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ ಗುಳ್ಳೆ ನಿಲ್ಲುವವರೆಗೆ ಎಣ್ಣೆ ಬಿಡಿ, ಆಮೇಲೆ ಪಂಪಿನದು. ಪಂಪಿನ ಮುಖದ ಮೇಲೆ ಸಿಲಿಂಡರಿಗೆ ಒಂದರಂತೆ ಚಿಕ್ಕ ಲಿವರ್‌ಗಳ ಸಾಲು ಇರುತ್ತದೆ. ಒಂದೊಂದನ್ನೇ ಬೆರಳಿನಿಂದ ಒತ್ತಿ ಬಿಡಬೇಕು. ಪೈಪಿನಲ್ಲಿ ಗಾಳಿ ಇರುವವರೆಗೂ ಲಿವರ್ ಮೆತ್ತಗಿರುತ್ತದೆ. ಎಣ್ಣೆ ತುಂಬಿದ ಕೂಡಲೇ ಗಟ್ಟಿಯಾಗಿ, ಡೀಸೆಲ್ ಚಿಮ್ಮುವ ನಾಜಲ್ ‘ಕ್ರ್’ ಎಂದು ಕಿರುಗುಡುತ್ತದೆ. ಆ ಸದ್ದು ಕೇಳಿತೆಂದರೆ ಆ ಸಿಲಿಂಡರಿಗೆ ಎಣ್ಣೆ ಮುಟ್ಟಿತು. ಆರರಲ್ಲಿ ಐದು ಕಿರುಗುಟ್ಟಿ ಒಂದು ಸುಮ್ಮನಿದ್ದರೆ ನಾಜಲ್ ಸೂಜಿ ಹಿಡಿದಿದೆ ಅಥವಾ ಗಾಳಿ ಇನ್ನೂ ಇದೆ. ಎಂಜಿನ್ ಶುರುವಾಗುವ ಮುಂಚೆಯೇ ರೋಗ ಯಾವ ಸಿಲಿಂಡರಿನಲ್ಲಿ ಎಂದು ಗೊತ್ತಾಗುವ ಇಂಥ ಸಲೀಸು ಬೇರೆ ಎಂಜಿನ್‌ಗಳಲ್ಲಿ ಕಡಿಮೆ. ಕಿರುಗುಟ್ಟಿದ ಮೇಲೂ ಒತ್ತುತ್ತಾ ಹೋಗಬಾರದು. ಹೆಚ್ಚಾದ ಡೀಸೆಲ್ ಲೈನರ್ ಮೇಲಿನ ಆಯಿಲ್ ತೊಳೆದುಬಿಡುತ್ತದೆ, ಮೊದಲ ಸುತ್ತಿನಲ್ಲೇ ಒಣ ಲೋಹ ಒಣ ಲೋಹಕ್ಕೆ ಉಜ್ಜುತ್ತದೆ.

ಬ್ಯಾಟರಿ ಸೊರಗಿದ್ದರೆ ಡಿಕಂಪ್ರೆಶನ್ ಲಿವರ್ ಇದೆ. ಅದು ವಾಲ್ವನ್ನು ತುಸು ತೆರೆದೇ ಹಿಡಿಯುತ್ತದೆ, ಎಂಜಿನ್ ಭಾರವಿಲ್ಲದೆ ತಿರುಗುತ್ತದೆ. ದಪ್ಪ ಫ್ಲೈವೀಲ್ ವೇಗ ಹಿಡಿದ ಮೇಲೆ ಲಿವರ್ ಬಿಟ್ಟರೆ ಆ ಓಟದಲ್ಲೇ ಹೊತ್ತಿಕೊಳ್ಳುತ್ತದೆ. ಹೊತ್ತಿದ ಮೇಲೆ ಐಡಲ್ ನಿಮಿಷಕ್ಕೆ 400ರ ಆಸುಪಾಸು. ಒಂದೊಂದು ಸಿಲಿಂಡರಿನ ಸದ್ದನ್ನೂ ಎಣಿಸಬಹುದೇನೋ ಅನ್ನಿಸುವಷ್ಟು ನಿಧಾನ.

ಆ ದಪ್ಪ ಫ್ಲೈವೀಲಿನಿಂದಲೇ ಗೇರು ಬದಲಿಸುವುದು ಒಂದು ವಿದ್ಯೆಯಾಯಿತು. ಡಬಲ್ ಕ್ಲಚ್ ನಿಮ್ಮ ತಂದೆಯವರಿಗೆ ಗೊತ್ತಿದ್ದದ್ದೇ: ಕ್ಲಚ್ ಒತ್ತಿ ನ್ಯೂಟ್ರಲ್, ಕ್ಲಚ್ ಬಿಟ್ಟು ಸುತ್ತು ಹೊಂದಿಸಿ, ಮತ್ತೆ ಕ್ಲಚ್ ಒತ್ತಿ ಗೇರು. ಗಾರ್ಡ್ನರ್‌ನಲ್ಲಿ ತೊಡಕು ಏನೆಂದರೆ ಮೇಲಿನ ಗೇರಿಗೆ ಹೋಗುವಾಗ ಸುತ್ತು ಬೇಗ ಇಳಿಯುವುದಿಲ್ಲ. ಏರಿನಲ್ಲಿ ಅದನ್ನು ಕಾಯುತ್ತಾ ಕೂತರೆ ಅಷ್ಟರಲ್ಲಿ ಗಾಡಿಯೇ ನಿಂತಿರುತ್ತದೆ. ಅದಕ್ಕೆಂದು ‘ಕ್ಲಚ್ ಸ್ಟಾಪ್’ ಇಟ್ಟರು. ಪೆಡಲ್ಲನ್ನು ಪೂರ್ತಿ ತಳಕ್ಕೆ ಒತ್ತಿದರೆ ಚಿಕ್ಕ ಬ್ರೇಕೊಂದು ಗೇರ್‌ಬಾಕ್ಸಿನ ಒಳಹೋಗುವ ಶಾಫ್ಟನ್ನು ಹಿಡಿದು ನಿಧಾನ ಮಾಡುತ್ತದೆ, ಗೇರು ತಟ್ಟನೆ ಬೀಳುತ್ತದೆ. ಹೊಸಬರು ತಪ್ಪುವುದು ಇಲ್ಲೇ. ಕೆಳಗಿನ ಗೇರಿಗೆ ಬರುವಾಗಲೂ ಅಭ್ಯಾಸಬಲದಿಂದ ಪೆಡಲ್ ತಳಕ್ಕೆ ಒತ್ತುತ್ತಾರೆ. ಆಗ ಶಾಫ್ಟ್ ಜೋರಾಗಿ ತಿರುಗಬೇಕಾದ ಹೊತ್ತಿನಲ್ಲಿ ನಿಧಾನವಾಗಿ, ಹಲ್ಲಿಗೆ ಹಲ್ಲು ಕಚ್ಚುವ ಬದಲು ಕೊರೆಯುತ್ತದೆ. ಇಳಿಸುವಾಗ ಅರ್ಧ ಪೆಡಲ್, ಏರಿಸುವಾಗ ಬೇಕಿದ್ದರೆ ಪೂರ್ತಿ. ಇದಿಷ್ಟು ಕಾಲಿಗೆ ಬಂದರೆ ಗಾಡಿ ಕೈಗೆ ಬಂದ ಹಾಗೆ.

ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕಿ ಬಿಡುವ ಚಟ ಅಲ್ಲಿಯೂ ಇತ್ತು. 20 ಮೈಲಿಯ ಬೇಸರಕ್ಕೆ ಅದೊಂದು ಕೆಟ್ಟ ಪರಿಹಾರ. ಆ ಕಾಲದ ಎಂಟು ಚಕ್ರದ ಗಾಡಿಗಳಲ್ಲಿ ಎಲ್ಲ ಆಕ್ಸಲ್ಲಿಗೂ ಬ್ರೇಕ್ ಇರಲೇಬೇಕೆಂದಿರಲಿಲ್ಲ. ಹಿಂದಿನ ಎರಡರಲ್ಲಿ ಒಂದೇ ಆಕ್ಸಲ್ ಎಳೆಯುವ ಗಾಡಿಗಳೂ ಬೇಕಾದಷ್ಟಿದ್ದವು, ತೂಕವೂ ಬೆಲೆಯೂ ಉಳಿಯುತ್ತದೆಂದು. ಗೇರಿನಲ್ಲೇ ಇಳಿದರೂ ಅಪಾಯ ತಪ್ಪದು. ಎಂಜಿನ್ ಸುತ್ತು ಮಿತಿ ಮೀರದಂತೆ ಕಾಯುವ ಗವರ್ನರ್ ಎಣ್ಣೆಯನ್ನು ತಡೆಯುತ್ತದೆ, ಗಾಡಿಯ ಭಾರ ಎಂಜಿನ್ನನ್ನು ತಳ್ಳುವುದನ್ನು ತಡೆಯುವುದಿಲ್ಲ. ಏರಿದ ಗೇರಿಗಿಂತ ಮೇಲಿನ ಗೇರಿನಲ್ಲಿ ಇಳಿಯಬಾರದು ಎಂಬ ನಮ್ಮ ಘಾಟಿಯ ನಿಯಮ ಅಲ್ಲಿಗೂ ಸರಿ.

‘ಇಆರ್‌ಎಫ್’ ಹೆಸರಿನ ವಿಷಯ. ಚೆಷೈರ್‌ನ ಸ್ಯಾಂಡ್‌ಬ್ಯಾಚ್‌ನಲ್ಲಿ ಫೋಡನ್ ಕುಟುಂಬ ಉಗಿ ಲಾರಿಗಳಿಗೆ ಹೆಸರುವಾಸಿ. ಡೀಸೆಲ್ಲಿನ ಕಾಲ ಬಂತೆಂದು ಎಡ್ವಿನ್ ರಿಚರ್ಡ್ ಫೋಡನ್ ವಾದಿಸಿದರು, ಮನೆಯವರು ಉಗಿಯನ್ನು ಬಿಡಲೊಲ್ಲರು. ಅವರು ಹೊರಬಂದು 1933ರಲ್ಲಿ ಮಗ ಡೆನಿಸ್ ಜೊತೆ ಅದೇ ಊರಿನಲ್ಲಿ ತಮ್ಮ ಹೆಸರಿನ ಮೊದಲಕ್ಷರಗಳಿಂದ ಇಆರ್‌ಎಫ್ ಶುರು ಮಾಡಿದರು. ಮೊದಲ ಲಾರಿಯ ಚಾಸಿ ನಂಬರ್ 63, ಅದು ಆಗ ಅವರ ವಯಸ್ಸು. ಅದಕ್ಕೆ ಕೂರಿಸಿದ್ದು ನಾಲ್ಕು ಸಿಲಿಂಡರಿನ ಗಾರ್ಡ್ನರ್. ಒಂದೇ ಊರು, ಒಂದೇ ಮನೆತನ, ಎರಡು ಲಾರಿ ಕಂಪನಿ!

ಇಆರ್‌ಎಫ್, ಪ್ರೆಸ್ಟನ್ ಬಳಿಯ ಆಟ್ಕಿನ್ಸನ್, ಓಲ್ಡಮ್‌ನ ಸೆಡನ್ ಇವರೆಲ್ಲ ಜೋಡಿಸುವವರು. ಎಂಜಿನ್ ಗಾರ್ಡ್ನರ್ ಅಥವಾ ಪರ್ಕಿನ್ಸ್, ಗೇರ್‌ಬಾಕ್ಸ್ ಡೇವಿಡ್ ಬ್ರೌನ್, ಆಕ್ಸಲ್ ಮತ್ತೊಬ್ಬರದು, ಚಾಸಿ ತಮ್ಮದು. ಲೇಲ್ಯಾಂಡ್, ಎಇಸಿ ಮಾತ್ರ ಎಂಜಿನ್ನಿನಿಂದ ಹಿಡಿದು ಬಹುಪಾಲು ಎಲ್ಲವನ್ನೂ ತಾವೇ ಮಾಡುತ್ತಿದ್ದರು. ಸಣ್ಣ ಕಂಪನಿಗಳು ಬದುಕಿದ್ದು ಈ ಜೋಡಣೆಯಿಂದಲೇ. ಗಿರಾಕಿ ಬಂದು ‘ನನಗೆ ಈ ಎಂಜಿನ್, ಆ ಗೇರ್‌ಬಾಕ್ಸ್’ ಎಂದರೆ ಹಾಗೇ ಮಾಡಿಕೊಡುತ್ತಿದ್ದರು. ಅದೇ ಅವರ ದೌರ್ಬಲ್ಯವೂ ಆಯಿತು. ಗಾರ್ಡ್ನರ್ ಕಾರ್ಖಾನೆ ಬೇಡಿಕೆಗೆ ತಕ್ಕಂತೆ ಬೆಳೆಯಲಿಲ್ಲ, ಎಂಜಿನ್ ಬರುವವರೆಗೆ ಲಾರಿಯವರು ತಿಂಗಳುಗಟ್ಟಲೆ ಕಾಯಬೇಕಿತ್ತು.

ಕಾಯಲೊಲ್ಲದವರು ಬೇರೆ ದಾರಿ ಹುಡುಕಿದರು. ಫೋಡನ್ 1948ರಲ್ಲಿ ತನ್ನದೇ ಟೂ-ಸ್ಟ್ರೋಕ್ ಡೀಸೆಲ್ ತಂದಿತು. ಆರು ಸಿಲಿಂಡರ್, ಬರೀ 4.09 ಲೀಟರ್, ಆದರೆ 126 ಎಚ್‌ಪಿ. ಗಾರ್ಡ್ನರ್‌ನ ಅರ್ಧ ಗಾತ್ರದಲ್ಲಿ ಹೆಚ್ಚು ಬಲ. ಸುತ್ತು ಇಳಿದರೆ ಮಾತ್ರ ಎಳೆತ ಇಲ್ಲವೇ ಇಲ್ಲ, ಅದಕ್ಕೆಂದೇ 12 ಗೇರಿನ ಪೆಟ್ಟಿಗೆ ಕೊಡಬೇಕಾಯಿತು. ಕಾಮರ್ ಕಂಪನಿಯ ಟಿಎಸ್3 ಇನ್ನೂ ವಿಚಿತ್ರ. 1954ರಲ್ಲಿ ಬಂದ ಈ ಎಂಜಿನ್ನಿನಲ್ಲಿ ಅಡ್ಡಲಾಗಿ ಮಲಗಿದ ಮೂರು ಸಿಲಿಂಡರ್, ಆರು ಪಿಸ್ಟನ್. ಒಂದೊಂದು ಸಿಲಿಂಡರಿನಲ್ಲೂ ಎರಡು ಪಿಸ್ಟನ್ ಎದುರುಬದುರು ಬಂದು ನಡುವೆ ಗಾಳಿಯನ್ನು ಹಿಂಡುತ್ತವೆ. ಹೆಡ್ಡೂ ಇಲ್ಲ, ವಾಲ್ವೂ ಇಲ್ಲ. ದೊಡ್ಡ ರಾಕರ್‌ಗಳ ಮೂಲಕ ಎಲ್ಲವೂ ಕೆಳಗಿನ ಒಂದೇ ಕ್ರ್ಯಾಂಕಿಗೆ ಸೇರುತ್ತವೆ. 3.26 ಲೀಟರಿಗೆ 105 ಎಚ್‌ಪಿ. ಅದರ ಸದ್ದಿಗೆ ಡ್ರೈವರ್‌ಗಳು ‘ನಾಕರ್’ (ಬಡಿಯುವವನು) ಅಂದರು. ಎಕ್ಸಾಸ್ಟ್ ಕಿಂಡಿಗಳಲ್ಲಿ ಮಸಿ ಕಟ್ಟಿಕೊಂಡರೆ ಬಲ ಕುಗ್ಗುತ್ತದೆ. ಗಾಳಿ ತುಂಬುವ ಬ್ಲೋವರನ್ನು ತಿರುಗಿಸುವ ಸಣ್ಣ ಶಾಫ್ಟ್ ಮುರಿದರೆ ಎಂಜಿನ್ ಅಲ್ಲೇ ನಿಂತಿತು. ಆ ಶಾಫ್ಟ್ ಗಾಡಿಯಲ್ಲೇ ಇಟ್ಟುಕೊಂಡು ಓಡಿಸುವುದು ಜಾಣತನ.

ಈಗ ಬಾಗಿಲ ಮೇಲಿನ ಹೆಸರು. 1933ರ ಕಾಯ್ದೆ ಸರಕು ಸಾಗಣೆಗೆ ಮೂರು ಬಗೆಯ ಲೈಸೆನ್ಸ್ ಮಾಡಿತು. ‘ಎ’ ಎಂದರೆ ಊರವರ ಮಾಲನ್ನೆಲ್ಲ ಬಾಡಿಗೆಗೆ ಸಾಗಿಸುವವರದು, ‘ಸಿ’ ಎಂದರೆ ಸ್ವಂತ ಮಾಲಿಗೆ ಮಾತ್ರ, ‘ಬಿ’ ಎರಡರ ಮಿಶ್ರಣ. ‘ಎ’ ಸುಲಭವಾಗಿ ಸಿಗುತ್ತಿರಲಿಲ್ಲ. ಇನ್ನೊಂದು ಲಾರಿಯ ಅಗತ್ಯ ಇದೆಯೆಂದು ಕಮಿಷನರ್ ಮುಂದೆ ಸಾಬೀತು ಮಾಡಬೇಕು, ರೈಲ್ವೆಯವರು ಬಂದು ಆಕ್ಷೇಪ ಎತ್ತಬಹುದು. ಹಾಗಾಗಿ ಲಾರಿಗಿಂತ ಲೈಸೆನ್ಸಿಗೇ ಬೆಲೆ ಬಂದ ಸಂದರ್ಭಗಳಿದ್ದವು. ಯುದ್ಧ ಮುಗಿದ ಮೇಲೆ ಲೇಬರ್ ಸರ್ಕಾರ 1947ರ ಕಾಯ್ದೆಯಿಂದ ದೂರದ ಸಾಗಣೆಯನ್ನು ರಾಷ್ಟ್ರೀಕರಣ ಮಾಡಿತು. 1948ರಿಂದ ಒಂದೊಂದೇ ಟ್ರಾನ್ಸ್‌ಪೋರ್ಟ್ ಕಂಪನಿ ಸರ್ಕಾರದ ವಶಕ್ಕೆ ಬಂದು ‘ಬ್ರಿಟಿಷ್ ರೋಡ್ ಸರ್ವೀಸಸ್’ (ಬಿಆರ್‌ಎಸ್) ಆಯಿತು. ಉಳಿದ ಖಾಸಗಿಯವರು ತಮ್ಮ ನೆಲೆಯಿಂದ 25 ಮೈಲಿ ದಾಟುವಂತಿಲ್ಲ. ಬಿಆರ್‌ಎಸ್ ಬೆಳೆದು 40 ಸಾವಿರಕ್ಕೂ ಹೆಚ್ಚು ಗಾಡಿಗಳ ಸಂಸ್ಥೆಯಾಯಿತು. ನೂರಾರು ಮನೆತನಗಳ ಲಾರಿಗಳು ಬಂದದ್ದರಿಂದ ಒಂದೇ ಡಿಪೊದಲ್ಲಿ ಹತ್ತಾರು ಮೇಕಿನ ಗಾಡಿ. ಸ್ಪೇರ್ ಪಾರ್ಟ್ಸ್ ಇಡುವವನ ಪಾಡು ಊಹಿಸಿಕೊಳ್ಳಿ! ಸರ್ಕಾರದ್ದೇ ಆದ ಬ್ರಿಸ್ಟಲ್ ಬಸ್ ಕಾರ್ಖಾನೆಯಲ್ಲಿ ಬಿಆರ್‌ಎಸ್‌ಗೆಂದೇ ಲೇಲ್ಯಾಂಡ್ ಎಂಜಿನ್ನಿನ ಎಂಟು ಚಕ್ರದ ಲಾರಿ ಕಟ್ಟಿಸಿದರು. 1953ರಲ್ಲಿ ಕನ್ಸರ್ವೇಟಿವ್ ಸರ್ಕಾರ ಮತ್ತೆ ಕಾಯ್ದೆ ತಂದು ಗಾಡಿಗಳನ್ನು ಮಾರತೊಡಗಿತು. ಹಳೇ ಮಾಲೀಕರಲ್ಲಿ ಕೆಲವರು ಮರಳಿ ಬಂದರು, ಬಿಆರ್‌ಎಸ್ ಚಿಕ್ಕದಾಗಿ ಉಳಿಯಿತು.

ದೂರದ ಓಟಕ್ಕೆ ಅವರು ಮಾಡಿಕೊಂಡ ಏರ್ಪಾಡು ಗಮನಿಸುವಂಥದ್ದು. 11 ಗಂಟೆ ಪೂರ್ತಿ 20 ಮೈಲಿಯಂತೆ ಓಡಿದರೂ 220 ಮೈಲಿ. ಲಂಡನ್‌ನಿಂದ ಮ್ಯಾಂಚೆಸ್ಟರ್‌ಗೇ ಸುಮಾರು 200, ಒಂದೇ ಪಾಳಿಯಲ್ಲಿ ಹೋಗಿ ಬರುವುದಾಗದು. ಆದ್ದರಿಂದ ರಾತ್ರಿ ಓಡುವ ‘ಟ್ರಂಕ್’ ಡ್ರೈವರ್‌ಗಳು ಎರಡೂ ಕಡೆಯಿಂದ ಹೊರಟು ನಡುದಾರಿಯಲ್ಲಿ ಗಾಡಿ ಬದಲಿಸಿಕೊಂಡು, ಬೆಳಗಾಗುವಷ್ಟರಲ್ಲಿ ತಮ್ಮೂರಿಗೇ ವಾಪಸ್. ಹಗಲು ‘ಶಂಟರ್’ ಎಂಬ ಊರ ಡ್ರೈವರ್ ಅದೇ ಗಾಡಿಯಲ್ಲಿ ಮಾಲು ಇಳಿಸಿ, ಹೊಸದು ತುಂಬಿ, ಸಂಜೆಗೆ ಹಗ್ಗ ಬಿಗಿದು ನಿಲ್ಲಿಸುತ್ತಿದ್ದ. ಸ್ಕಾಟ್ಲೆಂಡಿನ ದಾರಿಯಲ್ಲಿ ಶ್ಯಾಪ್ ಎಂಬ ಬೋಳುಗುಡ್ಡವನ್ನು 1,300 ಅಡಿಗೂ ಎತ್ತರದಲ್ಲಿ ದಾಟಬೇಕು. ಹಿಮ ಬಿದ್ದರೆ ಸಾಲುಗಟ್ಟಿ ನಿಲ್ಲಬೇಕು. ಅಲ್ಲಿನ ಹಳೇ ಡ್ರೈವರ್‌ಗಳ ಬಾಯಲ್ಲಿ ಶ್ಯಾಪ್ ಎಂದರೆ ನಮ್ಮವರ ಬಾಯಲ್ಲಿ ಶಿರಾಡಿ ಘಾಟಿ ಎಂದ ಹಾಗೆ.

ಲೋಡಿನ ಮೇಲೆ ಟಾರ್ಪಾಲು ಕಟ್ಟುವ ಅವರ ಕ್ರಮವನ್ನೂ ನಿಮ್ಮ ಅಳಿಯನಿಗೆ ಹೇಳಿ, ಮೇಳಗಳಲ್ಲಿ ಅದನ್ನು ನೋಡಿಯೇ ಗಾಡಿಯವನ ಯೋಗ್ಯತೆ ಅಳೆಯುತ್ತಾರೆ. ಎರಡು ಟಾರ್ಪಾಲಿದ್ದರೆ ಹಿಂದಿನದನ್ನು ಮೊದಲು ಹೊದಿಸಬೇಕು. ಮುಂದಿನದು ಅದರ ಮೇಲೆ ಬರಬೇಕು. ಆಗ ಎದುರುಗಾಳಿಗೂ ಮಳೆಗೂ ಸಂದಿಯೊಳಗೆ ದಾರಿ ಇರುವುದಿಲ್ಲ. ಮೂಲೆಯ ಮಡಿಕೆಯ ಬಾಯಿ ಹಿಂದಕ್ಕೇ ಇರಲಿ. ಹಗ್ಗ ಬಿಗಿಯುವ ಗಂಟಿಗೆ ಅವರು ‘ಡಾಲಿ’ ಎನ್ನುತ್ತಾರೆ. ಲೋಡಿನ ಮೇಲಿಂದ ಇಳಿದ ಹಗ್ಗದಲ್ಲಿ ಎದೆಯೆತ್ತರಕ್ಕೆ ಒಂದು ಸುರುಳಿ ತಿರುವಿ, ಅದರೊಳಗೆ ಕೆಳಗಿನ ಹಗ್ಗವನ್ನೇ ಮಡಿಸಿ ತೂರಿಸಿದರೆ ಕೆಳಗೊಂದು ಕುಣಿಕೆ ಇಳಿಯುತ್ತದೆ. ಆ ಕುಣಿಕೆಯನ್ನು ಚಾಸಿ ಅಂಚಿನ ಕೊಕ್ಕೆಗೆ ಹಾಕಿ ಬಾಲ ಜಗ್ಗಬೇಕು. ರಾಟೆಯ ಲೆಕ್ಕ, ಒಂದಕ್ಕೆ ಮೂರು ಪಾಲು ಬಲ. ಹಗ್ಗ ಹಗ್ಗಕ್ಕೆ ಉಜ್ಜುವುದರಿಂದ ಕೈಗೆ ಸಿಗುವುದು ಅದಕ್ಕಿಂತ ಕಡಿಮೆ. ಬಾಲ ಬಿಟ್ಟರೆ ಗಂಟು ತಾನೇ ಬಿಚ್ಚಿಕೊಳ್ಳುತ್ತದೆ, ಚಾಕು ಬೇಡ. ನಾರಿನ ಹಗ್ಗ ಒದ್ದೆಯಾದಾಗ ಬಿಗಿದು, ಒಣಗಿದಾಗ ಸಡಿಲವಾಗುತ್ತದೆ. ಮಳೆಯಲ್ಲಿ ಕಟ್ಟಿದ ಲೋಡನ್ನು ಬಿಸಿಲು ಬಂದ ಮೇಲೆ ನಿಲ್ಲಿಸಿ ಮತ್ತೆ ಜಗ್ಗಲೇಬೇಕು.

ಹೆಸರು ಮಾಡಿದ ಟ್ರಾನ್ಸ್‌ಪೋರ್ಟ್‌ಗಳಲ್ಲಿ ಪಿಕ್‌ಫರ್ಡ್ಸ್ ಹದಿನೇಳನೇ ಶತಮಾನದ ಬಂಡಿಯ ಕಾಲದಿಂದ ಬಂದದ್ದು. ನ್ಯೂಪೋರ್ಟ್‌ನ ವಿನ್ಸ್ ಮತ್ತು ಪಿಕ್‌ಫರ್ಡ್ಸ್ ಭಾರೀ ಟ್ರಾನ್ಸ್‌ಫಾರ್ಮರ್, ಬಾಯ್ಲರ್ ಸಾಗಿಸುವುದರಲ್ಲಿ ಎದುರಾಳಿಗಳು. ವಿನ್ಸ್‌ನವರು ಅಮೆರಿಕ ಸೇನೆಯ ಟ್ಯಾಂಕ್ ಎಳೆಯುವ ಪೆಸಿಫಿಕ್ ಗಾಡಿಗಳನ್ನು ಕೊಂಡು, ಮಾರ್ಪಡಿಸಿ, ‘ಡ್ರೆಡ್‌ನಾಟ್’, ‘ಕಾಂಕರರ್’ ಎಂದು ಹೆಸರಿಟ್ಟರು. ಕಾರ್ಲೈಲ್‌ನ ರಾಬ್ಸನ್ಸ್ ಲಾರಿಗಳಿಗೆ ‘ಬಾರ್ಡರ್’ ಎಂದು ಶುರುವಾಗುವ ಹೆಸರುಗಳು. ಗಾಡಿಗೆ ಹೆಸರಿಟ್ಟು ಹಣೆಯ ಮೇಲೆ ಬರೆಸುವ ನಮ್ಮ ‘ಶ್ರೀ ಮಂಜುನಾಥ ಪ್ರಸನ್ನ’ದ ಪ್ರೀತಿ ಅಲ್ಲಿಯೂ ಇತ್ತು ಎನ್ನುವುದು ನನಗೆ ಬಹಳ ಹಿಡಿಸುವ ಸಂಗತಿ.

ಇಷ್ಟೆಲ್ಲ ಹೋದದ್ದು ಹೇಗೆ? ರಸ್ತೆ ಬದಲಾಯಿತು. 1958ರ ಕೊನೆಗೆ ನಿಮ್ಮ ಮಗಳಿರುವ ಪ್ರೆಸ್ಟನ್ನಿನ ಬೈಪಾಸೇ ದೇಶದ ಮೊದಲ ಮೋಟರ್‌ವೇ ತುಂಡಾಗಿ ತೆರೆಯಿತು, ಮರುವರ್ಷ ಎಂ1 ಎಂಬ ಮೋಟರ್‌ವೇ. ಅಲ್ಲಿ ಗಂಟೆಗಟ್ಟಲೆ ಪೂರ್ತಿ ಆಕ್ಸಲರೇಟರ್ ಒತ್ತಿ ಓಡುವುದೆಂದರೆ ಈ ಎಂಜಿನ್‌ಗಳಿಗೆ ಹೊಸ ಶಿಕ್ಷೆ. 1964ರ ನಿಯಮಗಳು ಉದ್ದದ ಟ್ರೇಲರ್ ಗಾಡಿಗೆ 32 ಟನ್ ಒಪ್ಪಿದವು. ಎಂಟು ಚಕ್ರದ ಒಂಟಿ ಗಾಡಿ ದೂರದ ಓಟ ಬಿಟ್ಟು ಟಿಪ್ಪರ್, ಟ್ಯಾಂಕರ್ ಕೆಲಸಕ್ಕೆ ಇಳಿಯಿತು. 32 ಟನ್ನಿಗೆ 200 ಎಚ್‌ಪಿ ಮೇಲೆ ಬೇಕು, ಗಾರ್ಡ್ನರ್ ಆರು ಸಿಲಿಂಡರ್ ಆಗ 180ರಲ್ಲಿತ್ತು. ಟರ್ಬೊ ಹಾಕಲು ಆ ಮನೆಯವರು ಬಹುಕಾಲ ಒಪ್ಪಲಿಲ್ಲ. ಅದೇ ಹೊತ್ತಿಗೆ ಸ್ವೀಡನ್ನಿನ ವೋಲ್ವೊ, ಸ್ಕ್ಯಾನಿಯ ಟರ್ಬೊ ಎಂಜಿನ್, ಬೆಚ್ಚಗಿನ ಕ್ಯಾಬಿನ್, ಮಲಗಲು ಜಾಗ ಸಮೇತ ಬಂದಿಳಿದವು. ಇತ್ತ ಲೇಲ್ಯಾಂಡ್ ಕಂಪನಿ ಆಲ್ಬಿಯನ್, ಸ್ಕ್ಯಾಮೆಲ್ ಎಂಬ ಲಾರಿ ಕಂಪನಿಗಳನ್ನು, 1962ರಲ್ಲಿ ಎಇಸಿಯನ್ನೂ ನುಂಗಿ, 1968ರಲ್ಲಿ ಕಾರು ಕಂಪನಿಗಳ ಜೊತೆ ಸೇರಿ ಬ್ರಿಟಿಷ್ ಲೇಲ್ಯಾಂಡ್ ಆಯಿತು. ಲಾರಿ ಗಳಿಸಿದ್ದನ್ನು ಕಾರು ತಿಂದಿತು ಎಂಬುದು ನನ್ನ ಖಚಿತ ಅಭಿಪ್ರಾಯ. ಎಇಸಿಯ ಸೌತಾಲ್ ಕಾರ್ಖಾನೆ 1979ರಲ್ಲಿ ಮುಚ್ಚಿತು. 1987ರಲ್ಲಿ ಲೇಲ್ಯಾಂಡ್ ಲಾರಿ ವಿಭಾಗ ಡಚ್ ಕಂಪನಿ ಡಾಫ್‌ನ ಪಾಲಾಯಿತು. ಫೋಡನ್ ಹೆಸರು 2006ರಲ್ಲಿ, ಇಆರ್‌ಎಫ್ 2007ರಲ್ಲಿ ಮುಗಿದವು.

ನಿಮ್ಮ ತಂದೆಯವರ ಕಾಮೆಟ್ ಮಾತ್ರ ಬೇರೆ ದಾರಿ ಹಿಡಿಯಿತು. 1947ರಲ್ಲಿ ಮುಖ್ಯವಾಗಿ ರಫ್ತಿಗೆಂದು ಲೇಲ್ಯಾಂಡ್ ತಂದ ಗಾಡಿ ಅದು. ಮದ್ರಾಸಿನ ಎಣ್ಣೂರಿನಲ್ಲಿ ಆಸ್ಟಿನ್ ಕಾರು ಜೋಡಿಸಲೆಂದು 1948ರಲ್ಲಿ ಹುಟ್ಟಿದ ಅಶೋಕ್ ಮೋಟರ್ಸ್ ಕಾಮೆಟ್ ಜೋಡಿಸತೊಡಗಿ, 1955ರಲ್ಲಿ ಅಶೋಕ್ ಲೇಲ್ಯಾಂಡ್ ಆಯಿತು. ಹುಟ್ಟಿದೂರಿನಲ್ಲಿ ಕಾಮೆಟ್ ಮರೆಯಾದ ಮೇಲೂ ನಮ್ಮ ರಸ್ತೆಗಳಲ್ಲಿ ಆ ಹೆಸರು ದಶಕಗಳ ಕಾಲ ಓಡಿತು.

ಕೊಳ್ಳುವ ಮಾತಿಗೆ ಬರೋಣ. 1960ರ ಜನವರಿ 1ಕ್ಕಿಂತ ಹಿಂದಿನ ಗಾಡಿಯನ್ನೇ ನೋಡಲು ಹೇಳಿ. ಅಂಥದ್ದನ್ನು ಲೋಡಿಲ್ಲದೆ ಓಡಿಸಲು ಬ್ರಿಟನ್ನಿನಲ್ಲಿ ಸಾಮಾನ್ಯ ಕಾರಿನ ಲೈಸೆನ್ಸ್ ಸಾಕು, ವರ್ಷದ ಫಿಟ್‌ನೆಸ್ ಪರೀಕ್ಷೆಯಿಂದಲೂ ವಿನಾಯಿತಿ ಇದೆ. ನಿಯಮ ಬದಲಾಗುತ್ತಿರುತ್ತದೆ, ಹಣ ಕೊಡುವ ಮುಂಚೆ ಒಮ್ಮೆ ಖಚಿತ ಮಾಡಿಕೊಳ್ಳಲಿ.

ಎಂಜಿನ್‌ಗೆ ಹೆದರಬೇಡಿ, ಗಾರ್ಡ್ನರ್ ಪಾರ್ಟ್ಸ್ ಮಾಡುವವರು, ಬಿಚ್ಚಿ ಕಟ್ಟುವವರು ಅಲ್ಲಿ ಇನ್ನೂ ಇದ್ದಾರೆ. ಹೆದರಬೇಕಾದದ್ದು ಕ್ಯಾಬಿನ್ನಿಗೆ. ಹೊರಗೆ ತಗಡು, ಒಳಗೆ ಆ್ಯಶ್ ಮರದ ಚೌಕಟ್ಟು. ಬಾಗಿಲು ತೆರೆದು ಮೇಲಕ್ಕೆತ್ತಿ ನೋಡಿ, ಹಿಂಜಿನ ಕಂಬವೇ ಆಡಿದರೆ ಮರ ಕೊಳೆತಿದೆ. ಗಾಜಿನ ಕೆಳಗಿನ ಮೂಲೆ, ಮೆಟ್ಟಿಲ ಹತ್ತಿರದ ಅಡಿಮರ ಮೊದಲು ಹೋಗುತ್ತವೆ. ಚೂಪಾದ ಸ್ಕ್ರೂಡ್ರೈವರ್ ಒತ್ತಿದರೆ ಗೊತ್ತಾಗುತ್ತದೆ. ಮರಗೆಲಸದ ಖರ್ಚು ಎಂಜಿನ್ ಖರ್ಚನ್ನು ಮೀರಬಹುದು. ಚಾಸಿಯಲ್ಲಿ ಎರಡು ಪ್ಲೇಟ್ ಕೂಡುವ ಕಡೆ ತುಕ್ಕು ಉಬ್ಬಿ ರಿವೆಟ್ ಎಳೆದಿದೆಯೇ ನೋಡಿ. ಕಮಾನು ಪಟ್ಟಿಗಳ ನಡುವೆಯೂ ಅದೇ ಉಬ್ಬು ಬರುತ್ತದೆ. ಚಕ್ರ ಜಾಕಿಗೆ ಎತ್ತಿ ಮೇಲೆ ಕೆಳಗೆ ಅಲ್ಲಾಡಿಸಿ ಕಿಂಗ್‌ಪಿನ್ (ಸ್ಟೀರಿಂಗ್ ಚಕ್ರ ತಿರುಗುವ ಕೀಲು) ಪರೀಕ್ಷಿಸಿ. ಎರಡು ಸ್ಟೀರಿಂಗ್ ಆಕ್ಸಲ್ ಎಂದರೆ ಎಲ್ಲವೂ ಎರಡರಷ್ಟು.

ಎಂಜಿನ್ ತಣ್ಣಗಿರುವಾಗಲೇ ಹೋಗಬೇಕು. ಮಾರುವವರು ಮೊದಲೇ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬರುತ್ತೇವೆ ಅನ್ನಿ. ಆಯಿಲ್ ಕಡ್ಡಿ ತೆಗೆದು ನೋಡಿದಾಗ ಹಾಲಿನಂತಿದ್ದರೆ ನೀರು ಸೇರಿದೆ. ತೆಳ್ಳಗಾಗಿ ಡೀಸೆಲ್ ವಾಸನೆ ಬಂದರೆ ಆಯಿಲ್ಲಿನೊಳಗೆ ಡೀಸೆಲ್ ಇಳಿಯುತ್ತಿದೆ. ಆ ಕಾಲದಲ್ಲಿ ಚಳಿಗಾಲದ ರಾತ್ರಿ ರೇಡಿಯೇಟರ್ ನೀರು ಪೂರ್ತಿ ಬಸಿದು ಬೆಳಿಗ್ಗೆ ತುಂಬುತ್ತಿದ್ದರು. ಮರೆತ ಒಂದು ರಾತ್ರಿ ಸಾಕು, ಹೆಪ್ಪುಗಟ್ಟಿದ ನೀರು ಎರಕವನ್ನೇ ಸೀಳುತ್ತದೆ. ಆದ್ದರಿಂದ ನೀರಿನ ಪಕ್ಕೆಗಳ ಮೇಲೆ ಹಳೇ ವೆಲ್ಡಿಂಗ್, ಅಂಟಿನ ಗುರುತು ಹುಡುಕಿ. ವ್ಯಾಕ್ಯೂಮ್ ಬ್ರೇಕ್ ಆಗಿದ್ದರೆ ಎಂಜಿನ್ ತಿರುಗಿಸುವ ಎಕ್ಸಾಸ್ಟರ್ ಪಂಪ್ ಇರುತ್ತದೆ, ಡೀಸೆಲ್ಲಿಗೆ ಪೆಟ್ರೋಲಿನಂತೆ ಮ್ಯಾನಿಫೋಲ್ಡ್ ನಿರ್ವಾತ ಇಲ್ಲವಲ್ಲ. ಎಂಜಿನ್ ಆಫ್ ಮಾಡಿ ಗೇಜ್ ಮುಳ್ಳು ಎಷ್ಟು ಬೇಗ ಬೀಳುತ್ತದೆ ನೋಡಿ, ಸರ್ರನೆ ಬಿದ್ದರೆ ಎಲ್ಲೋ ಗಾಳಿ ಸೇರುತ್ತಿದೆ. ಎಡಬದಿಯ ವೀಲ್ ನಟ್ ಉಲ್ಟಾ ಥ್ರೆಡ್ ಇರುತ್ತದೆ. ಗೊತ್ತಿಲ್ಲದೆ ಪೈಪು ಹಾಕಿ ತಿರುವಿದರೆ ಸ್ಟಡ್ ಮುರಿಯುತ್ತದೆ. ಸ್ಪ್ಯಾನರ್ ಎಂಎಂ ಅಳತೆಯದು ಕೂರುವುದಿಲ್ಲ, ಹಳೇ ಬ್ರಿಟಿಷ್ ಇಂಚಿನ ಅಳತೆಯ ವಿಟ್‌ವರ್ತ್ ಸೆಟ್ಟೇ ಬೇಕು.

ಬಣ್ಣ ಬಳಿಸುವ ಅವಸರ ಮಾತ್ರ ಬೇಡ. ಬಾಗಿಲಿನ ಮೂಲ ತಗಡು ಉಳಿದಿದ್ದರೆ ಸಣ್ಣ ನೀರುಕಾಗದದಲ್ಲಿ, ಒದ್ದೆ ಮಾಡಿಕೊಂಡು, ಅಂಗೈಯಷ್ಟು ಜಾಗದಲ್ಲಿ ಪದರ ಪದರವಾಗಿ ಉಜ್ಜಿ ನೋಡಲಿ. ಬಿಆರ್‌ಎಸ್ ಗಾಡಿಯಾದರೆ ಅಂಕಿ, ಅಕ್ಷರ, ಮತ್ತೆ ಅಂಕಿ ಸೇರಿದ ನಂಬರ್ ಸಿಗಬಹುದು. ಅದರ ಮೊದಲ ಭಾಗ ಗಾಡಿ ಯಾವ ಭಾಗದ ಡಿಪೊಗಳಿಗೆ ಸೇರಿತ್ತೆಂದು ಹೇಳುತ್ತದೆ. ಗಾಡಿ 1948ಕ್ಕಿಂತ ಹಳೆಯದಾದರೆ ಆ ಕೆಂಪಿನ ಕೆಳಗೆ ಇನ್ನೊಂದು ಬಣ್ಣ, ಅದರ ಮೇಲೆ ಕೈಯಲ್ಲಿ ಬರೆದ ಇನ್ನೊಂದು ಹೆಸರು, ಒಂದು ಊರು ಮತ್ತು ‘ಅಂಡ್ ಸನ್ಸ್’ ಇರುವ ಸಾಧ್ಯತೆ ಇದೆ. ಕಂಡರೆ ಅಲ್ಲಿಗೇ ಉಜ್ಜುವುದು ನಿಲ್ಲಿಸಿ, ಮೊದಲು ಫೋಟೊ ತೆಗೆಯಲಿ, ತೆಳು ಕಾಗದ ಇಟ್ಟು ಅಕ್ಷರದ ಅಳತೆ ತಿದ್ದಿಕೊಳ್ಳಲಿ.